ಗೃಹ ವಿದ್ಯುತ್ ಬಳಕೆ: ಬೆಂಗಳೂರು ಮಹಾನಗರ

ಬೆಂಗಳೂರಿನ ಒಂದು ಮನೆ ತಿಂಗಳಿಗೆ ಎಷ್ಟು ಯೂನಿಟ್ ವಿದ್ಯುತ್ ಬಳಸುತ್ತದೆ ಎಂಬುದನ್ನು ಊರಿನ ಹವೆ, ಸ್ನಾನದ ನೀರು ಕಾಯಿಸುವ ಬಗೆ, ಕಟ್ಟಡದ ರಚನೆ, ಮನೆಮಂದಿಯ ಸಂಖ್ಯೆ ಮತ್ತು ವರಮಾನ, ಉಪಕರಣಗಳ ಗುಣಮಟ್ಟ, ವಿದ್ಯುತ್ ದರ, ಸರ್ಕಾರದ ಸಹಾಯಧನ ಇವೆಲ್ಲ ಸೇರಿ ತೀರ್ಮಾನಿಸುತ್ತವೆ. ಇವುಗಳಲ್ಲಿ ಬಹುಪಾಲು ಸ್ವಿಚ್ ಹಾಕಿ ಆರಿಸುವವರ ಕೈಯಲ್ಲಿಲ್ಲ. ಮನೆಗೆ ಕಾಲಿಡುವ ಮೊದಲೇ ಕಟ್ಟಿಸಿದವರು, ಬಿಲ್ಡರ್, ನಗರಪಾಲಿಕೆ, ಜಲಮಂಡಳಿ, ದರ ನಿಗದಿಪಡಿಸುವ ಆಯೋಗ ಮುಂತಾದವರು ಮಾಡಿಟ್ಟ ತೀರ್ಮಾನಗಳ ಮೇಲೆ ಮೀಟರ್ ಓಡುತ್ತದೆ. ಮಿತಬಳಕೆಯ ಉಪದೇಶಗಳು ಈ ಭಾಗವನ್ನು ಸಾಮಾನ್ಯವಾಗಿ ಮರೆತುಬಿಡುತ್ತವೆ.

ವಿದ್ಯುತ್ತಿನ ಜೊತೆ ಬೆಂಗಳೂರಿನ ನಂಟು ಹಳೆಯದು. ಕೋಲಾರದ ಚಿನ್ನದ ಗಣಿಗಳಿಗಾಗಿ 1902ರಲ್ಲಿ ಶಿವನಸಮುದ್ರದಲ್ಲಿ ಆರಂಭವಾದ ಜಲವಿದ್ಯುತ್ 1905ರಲ್ಲಿ ಈ ಊರಿಗೂ ಬಂತು. ಮೊದಲು ಬೆಳಗಿದ್ದು ಬೀದಿದೀಪಗಳು. ಮನೆಗಳಲ್ಲಿ ವಿದ್ಯುತ್ ಎಂದರೆ ಬಹುಕಾಲ ಬಲ್ಬು ಮತ್ತು ರೇಡಿಯೊ, ಅನುಕೂಲವಂತರಲ್ಲಿ ಒಂದು ಫ್ಯಾನು. ಈಗ ನಗರಕ್ಕೆ ವಿದ್ಯುತ್ ಹಂಚುತ್ತಿರುವುದು 2002ರಲ್ಲಿ ಕೆಲಸ ಆರಂಭಿಸಿದ ಬೆಂಗಳೂರು ವಿದ್ಯುತ್ ಸರಬರಾಜು ಕಂಪನಿ, ಅಂದರೆ ಬೆಸ್ಕಾಂ. ದರವನ್ನು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ನಿಗದಿ ಮಾಡುತ್ತದೆ.

ಹವೆ

ಚೆನ್ನೈ, ಬೆಂಗಳೂರು, ಮಂಗಳೂರು ಮೂರೂ ಹೆಚ್ಚುಕಡಿಮೆ 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಬೆಂಗಳೂರನ್ನು ಬೇರೆಯಾಗಿಸುವುದು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರ. ಈ ಎತ್ತರದಿಂದಾಗಿ ಕರಾವಳಿಗಿಂತ ಇಲ್ಲಿ ತಾಪಮಾನವೂ ಕಡಿಮೆ, ತೇವವೂ ಕಡಿಮೆ, ರಾತ್ರಿಗಳು ತಂಪು. ಚೆನ್ನೈಯಲ್ಲಿ ವರ್ಷದ ಬಹುಕಾಲ ಫ್ಯಾನು ಆರಿಸುವಂತಿಲ್ಲ. ದೆಹಲಿಯಲ್ಲಿ ಬೇಸಿಗೆಯ ಏರ್ ಕಂಡೀಷನರ್‌ಗಳೇ ಬೇಡಿಕೆಯನ್ನು ಎತ್ತಿಹಿಡಿಯುತ್ತವೆ; 2024ರ ಜೂನ್ 19ರಂದು ಆ ನಗರದ ಬೇಡಿಕೆ 8,656 ಮೆಗಾವಾಟ್ ತಲುಪಿತ್ತು. ಬೆಂಗಳೂರಿನ ಸಾಮಾನ್ಯ ಮನೆ ಇಪ್ಪತ್ತನೆಯ ಶತಮಾನವನ್ನೆಲ್ಲ ಎಸಿಯಿಲ್ಲದೆ, ಅನೇಕ ಕಡೆ ಫ್ಯಾನೂ ಇಲ್ಲದೆ ಕಳೆಯಿತು.

ಆ ಅನುಕೂಲ ಕರಗುತ್ತಿದೆ. 2016ರ ಏಪ್ರಿಲ್‌ನಲ್ಲಿ ನಗರದ ತಾಪಮಾನ 39.2 ಡಿಗ್ರಿ ಸೆಲ್ಸಿಯಸ್‌ಗೆ, 2024ರ ಏಪ್ರಿಲ್ ಕೊನೆಯಲ್ಲಿ 38.5 ಡಿಗ್ರಿಗೆ ಏರಿತ್ತು. ಕೆರೆಗಳು ಮುಚ್ಚಿ, ಸಾಲುಮರಗಳು ಉರುಳಿ, ಕಾಂಕ್ರೀಟು ಮತ್ತು ಡಾಂಬರು ಹಬ್ಬಿದ ಕಡೆ ಹಗಲಿನ ಬಿಸಿ ರಾತ್ರಿಯಾದರೂ ಇಳಿಯುವುದಿಲ್ಲ. ವಿದ್ಯುತ್ ಲೆಕ್ಕದಲ್ಲಿ ಹಗಲಿನ ಗರಿಷ್ಠಕ್ಕಿಂತ ರಾತ್ರಿಯ ಕನಿಷ್ಠ ತಾಪಮಾನ ಮುಖ್ಯ, ಏಕೆಂದರೆ ಮನೆಯ ಎಸಿ ಓಡುವುದು ಹೆಚ್ಚಾಗಿ ಮಲಗುವ ಹೊತ್ತಿನಲ್ಲಿ. ಒಂದೂವರೆ ಟನ್ನಿನ ಎಸಿ ರಾತ್ರಿಯಿಡೀ ಓಡಿದರೆ ಐದಾರು ಯೂನಿಟ್ ಸುಡುತ್ತದೆ. ಮಾರ್ಚ್‌ನಿಂದ ಮೇವರೆಗೆ ನಿತ್ಯ ಹೀಗೆ ನಡೆದರೆ ಆ ಒಂದು ಉಪಕರಣವೇ ಉಳಿದೆಲ್ಲವನ್ನೂ ಮೀರಿಸುತ್ತದೆ. ಜೂನ್‌ನಲ್ಲಿ ಮಳೆ ಹಿಡಿದ ಕೂಡಲೇ ಈ ಬೇಡಿಕೆ ಇಳಿಯುತ್ತದೆ. ಹಾಗಾಗಿ ಎಸಿ ಇರುವ ಮನೆಯ ಬಳಕೆ ವರ್ಷದೊಳಗೆ ತುಂಬ ಏರಿಳಿಯುತ್ತದೆ. ಇಲ್ಲದ ಮನೆಯದು ಹೆಚ್ಚುಕಡಿಮೆ ಸಮತಟ್ಟು.

ಬಿಸಿನೀರು

ಬೆಂಗಳೂರಿನ ಮನೆಗಳ ವಿದ್ಯುತ್ ಬಳಕೆಗೆ ವಿಶಿಷ್ಟ ರೂಪ ಕೊಟ್ಟಿರುವುದು ತಂಪು ಮಾಡುವ ಉಪಕರಣಗಳಲ್ಲ, ನೀರು ಕಾಯಿಸುವ ಉಪಕರಣಗಳು. ಬಿಸಿನೀರಿನ ಸ್ನಾನ ಇಲ್ಲಿ ವರ್ಷಪೂರ್ತಿ ರೂಢಿ. ಸೆಕೆಗಾಲದಲ್ಲೂ ಬೆಳಗಿನ ತಣ್ಣೀರು ಬಹಳ ಮಂದಿಗೆ ಒಗ್ಗುವುದಿಲ್ಲ. ಬಚ್ಚಲ ಮನೆಯ ತಾಮ್ರದ ಹಂಡೆ, ಅದರಡಿಯ ಸೌದೆ ಒಲೆ, ಆಮೇಲೆ ಮರದ ಹೊಟ್ಟು ತುಂಬುವ ಬಾಯ್ಲರ್ ಇವೆಲ್ಲ ಮರೆಯಾಗಿ ಬಕೆಟ್ಟಿಗೆ ಇಳಿಬಿಡುವ ಕಾಯಿಲ್ ಮತ್ತು ಗೋಡೆಗೆ ತೂಗುವ ಗೀಸರ್ ಬಂದವು. ಸೌದೆಯ ಮೇಲಿದ್ದ ಹೊರೆ ಹೀಗೆ ವಿದ್ಯುತ್ತಿಗೆ ವರ್ಗವಾಯಿತು.

ಈ ಹೊರೆ ಎಷ್ಟೆಂಬುದನ್ನು ಸುಲಭವಾಗಿ ಲೆಕ್ಕ ಹಾಕಬಹುದು. 20 ಲೀಟರ್ ನೀರನ್ನು 20 ಡಿಗ್ರಿಯಿಂದ 45 ಡಿಗ್ರಿಗೆ ಏರಿಸಲು ಸುಮಾರು 0.6 ಯೂನಿಟ್ ಬೇಕು. ನಾಲ್ಕು ಮಂದಿ ದಿನಕ್ಕೊಂದು ಸಲ ಒಂದೊಂದು ಬಕೆಟ್ ನೀರಿನಲ್ಲಿ ಮಿಂದರೂ ತಿಂಗಳಿಗೆ 70 ಯೂನಿಟ್ ಆಗುತ್ತದೆ; ಗೀಸರಿನ ಟ್ಯಾಂಕಿನಲ್ಲಿ ಸುಮ್ಮನೆ ಆರಿಹೋಗುವ ಶಾಖ ಇದರಲ್ಲಿ ಸೇರಿಲ್ಲ. ಬಕೆಟ್ಟಿನ ಬದಲು ಶವರ್ ಬಂದರೆ ನೀರೂ ವಿದ್ಯುತ್ತೂ ಎರಡು ಮೂರು ಪಟ್ಟಾಗಬಹುದು. ಜೊತೆಗೆ ಕಾಲದ ತೊಡಕೊಂದಿದೆ. ಶಾಲೆ, ಕಚೇರಿಗಳಿಗೆ ಹೊರಡುವ ಮುನ್ನ, ಬೆಳಗಿನ ಆರರಿಂದ ಒಂಬತ್ತರೊಳಗೆ, ಎರಡು ಮೂರು ಕಿಲೋವಾಟಿನ ಗೀಸರ್‌ಗಳು ಒಟ್ಟಿಗೆ ಓಡುತ್ತವೆ. ನಗರದಲ್ಲಿ ಸಂಜೆಯಂತೆ ಬೆಳಿಗ್ಗೆಯೂ ಬೇಡಿಕೆಯ ಶಿಖರ ಕಾಣುವುದಕ್ಕೆ ಇದು ದೊಡ್ಡ ಕಾರಣ.

ಸೌರ ಜಲತಾಪಕ, ಜನರ ಬಾಯಲ್ಲಿ ಬರಿಯ ‘ಸೋಲಾರ್’, ಬೆಂಗಳೂರಿನಷ್ಟು ವ್ಯಾಪಕವಾಗಿ ಹರಡಿರುವ ಭಾರತೀಯ ನಗರಗಳು ವಿರಳ. ನಿರ್ದಿಷ್ಟ ಅಳತೆಗಿಂತ ದೊಡ್ಡದಾದ ಹೊಸ ಕಟ್ಟಡಗಳಿಗೆ ಇದನ್ನು ಸರ್ಕಾರ 2007ರಲ್ಲಿ ಕಡ್ಡಾಯಗೊಳಿಸಿ, ವಿದ್ಯುತ್ ಸಂಪರ್ಕಕ್ಕೆ ಷರತ್ತಾಗಿ ಇಟ್ಟಿತು. ಅಳವಡಿಸಿಕೊಂಡವರಿಗೆ ಬಿಲ್ಲಿನಲ್ಲಿ ಯೂನಿಟ್‌ಗೆ 50 ಪೈಸೆಯಂತೆ, ತಿಂಗಳಿಗೆ 50 ರೂಪಾಯಿ ಮೀರದಂತೆ, ರಿಯಾಯಿತಿ ಕೊಡುವ ಕ್ರಮವೂ ಇತ್ತು. ರಿಯಾಯಿತಿಗಿಂತ ಹೆಚ್ಚಾಗಿ ಇಲ್ಲಿನ ಬಿಸಿಲೇ ಇದನ್ನು ಜನಪ್ರಿಯಗೊಳಿಸಿತು ಎನ್ನಬಹುದು: ನೀರು ಕಾಯಬೇಕಾದ ಊರು, ಕಾಯಿಸಲು ಸಾಕಾಗುವಷ್ಟು ಬಿಸಿಲಿನ ಊರು. ಆದರೆ ಜೂನ್‌ನಿಂದ ಆಗಸ್ಟ್‌ವರೆಗಿನ ಮೋಡದ ದಿನಗಳಲ್ಲಿ ಒಳಗಿನ ವಿದ್ಯುತ್ ಕಾಯಿಲ್ ಹಾಕಲೇಬೇಕಾಗುತ್ತದೆ. ಬೋರ್‌ವೆಲ್‌ನ ಗಡಸು ನೀರಿನಿಂದ ಕೊಳವೆಗಳಲ್ಲಿ ಸುಣ್ಣದಂಶ ಕಟ್ಟಿಕೊಂಡು ಸೋಲಾರ್ ಕೆಲವೇ ವರ್ಷಗಳಲ್ಲಿ ಮಂದವಾಗುವುದೂ ಸಾಮಾನ್ಯ. ಎತ್ತರದ ಅಪಾರ್ಟ್‌ಮೆಂಟ್‌ಗಳ ಪಾಡೇ ಬೇರೆ. ಛಾವಣಿ ಒಂದೇ, ಮನೆಗಳು ನೂರಾರು. ಸೋಲಾರ್ ನೀರು ಮೇಲಿನ ಕೆಲವು ಮಹಡಿಗಳಿಗಷ್ಟೇ ಸಿಕ್ಕಿ ಉಳಿದವರಿಗೆ ಗೀಸರೇ ಗತಿ. ನಗರ ಅಡ್ಡಲಾಗಿ ಬೆಳೆಯುವ ಬದಲು ಮೇಲಕ್ಕೆ ಬೆಳೆದಂತೆ ತಲೆಗೆ ಸಿಗುವ ಛಾವಣಿಯ ಪಾಲು ಕುಗ್ಗುತ್ತದೆ. ಈ ಸಂಗತಿ ಬೆಂಗಳೂರಿನ ವಿದ್ಯುತ್ ಬಳಕೆಯ ಮುಂದಿನ ದಿಕ್ಕನ್ನು ಹೇಳುತ್ತದೆ.

ನೀರೆತ್ತುವ ಖರ್ಚು

ಕಾವೇರಿ ನೀರು ನಗರಕ್ಕೆ ಬರುವುದು ಸುಮಾರು 100 ಕಿಲೋಮೀಟರ್ ದೂರದಿಂದ, ಹಂತಹಂತವಾಗಿ ಮೇಲಕ್ಕೆ ಪಂಪಾಗಿ. ಆ ವಿದ್ಯುತ್ತಿನ ವೆಚ್ಚ ಜಲಮಂಡಳಿಯ ಖಾತೆಗೆ ಸೇರುತ್ತದೆ. ಮನೆಯ ಮಟ್ಟದಲ್ಲಿ ಇನ್ನೊಂದು ಸುತ್ತು ಎತ್ತುವುದಿದೆ: ದಿನ ಬಿಟ್ಟು ದಿನ ಬರುವ ನೀರು ಮೊದಲು ಸಂಪಿಗೆ ಬಿದ್ದು, ಅಲ್ಲಿಂದ ಮೋಟಾರಿನ ಮೂಲಕ ಮೇಲಿನ ಟ್ಯಾಂಕಿಗೆ ಏರುತ್ತದೆ. ಒಂದು ಅಶ್ವಶಕ್ತಿಯ ಮೋಟಾರು ದಿನಕ್ಕೆ ಅರ್ಧ ಗಂಟೆ ಓಡಿದರೆ ತಿಂಗಳಿಗೆ 15 ಯೂನಿಟ್. ಬೋರ್‌ವೆಲ್ ಇದ್ದರೆ ಲೆಕ್ಕ ಆಳಕ್ಕೆ ತಕ್ಕಂತೆ ಏರುತ್ತದೆ; ಅಂತರ್ಜಲ ಸಾವಿರ ಅಡಿಗೆ ಇಳಿದ ಬಡಾವಣೆಗಳಲ್ಲಿ ಒಂದು ಬಕೆಟ್ ನೀರಿನ ಹಿಂದಿರುವ ವಿದ್ಯುತ್ ಮೂವತ್ತು ವರ್ಷಗಳ ಹಿಂದಿನದಕ್ಕಿಂತ ಹಲವು ಪಟ್ಟು. ಟ್ಯಾಂಕರ್ ನೀರು ಕೊಳ್ಳುವ ಮನೆಯಲ್ಲಿ ಈ ವೆಚ್ಚ ಟ್ಯಾಂಕರ್ ದರದೊಳಗೆ ಅಡಗಿರುತ್ತದೆ. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ದಿನಕ್ಕೆ 775 ದಶಲಕ್ಷ ಲೀಟರ್ ಸಾಮರ್ಥ್ಯದ ಕಾವೇರಿ ಐದನೇ ಹಂತ ಹೊರವಲಯದ ಕೆಲವು ಕಡೆ ಬೋರ್‌ವೆಲ್ ಪಂಪುಗಳ ಹೊರೆ ತಗ್ಗಿಸಬಲ್ಲದು.

ಕಟ್ಟಡ

ಬಸವನಗುಡಿ, ಮಲ್ಲೇಶ್ವರಗಳ ಹಳೆಯ ಮನೆಗಳಲ್ಲಿ ಎತ್ತರದ ಮಾಳಿಗೆ, ದಪ್ಪ ಗೋಡೆ, ಮಂಗಳೂರು ಹೆಂಚು ಅಥವಾ ಮದ್ರಾಸು ತಾರಸಿ, ಮುಂದೊಂದು ಜಗಲಿ, ಹಿತ್ತಲಲ್ಲಿ ಮರಗಳು ಇರುತ್ತಿದ್ದವು. ಅವು ವಿದ್ಯುತ್ತಿಲ್ಲದೆ ತಂಪಾಗಿರುತ್ತಿದ್ದುದು ಇದರಿಂದಲೇ. ಈಗಿನ ರೂಢಿ ಆರ್‌ಸಿಸಿ ತಾರಸಿಯ, ತೆಳು ಗೋಡೆಯ, ಮೂರು ನಾಲ್ಕು ಅಂತಸ್ತಿನ ಕಟ್ಟಡ. ಇದರಲ್ಲಿ ಮೇಲಿನ ಮಹಡಿಯವರು ಬಿಸಿಲಿನ ಬಾಧೆಯನ್ನೂ ಕೆಳಗಿನವರು ಕತ್ತಲೆಯ ಬಾಧೆಯನ್ನೂ ಹಂಚಿಕೊಳ್ಳುತ್ತಾರೆ. 30×40 ಅಡಿಯ ನಿವೇಶನದಲ್ಲಿ ಸುತ್ತ ಬಿಡಬೇಕಾದ ಜಾಗವನ್ನೂ ನುಂಗಿ ಪಕ್ಕದ ಗೋಡೆಗೆ ಗೋಡೆ ತಾಗಿಸಿ ಕಟ್ಟಿದ ಮನೆಗಳ ನಡುಕೋಣೆಯಲ್ಲಿ ಮಧ್ಯಾಹ್ನವೂ ದೀಪ ಬೇಕು. ಕಟ್ಟಡ ನಿಯಮ ಮುರಿದುದರ ದಂಡವನ್ನು ಹೀಗೆ ಬಾಡಿಗೆದಾರ ಪ್ರತಿ ತಿಂಗಳೂ ತೆರುತ್ತಾನೆ.

ಪಶ್ಚಿಮದ ಗೋಡೆ, ನೆರಳಿಲ್ಲದ ಕಿಟಕಿ, ಎದುರುಬದುರು ಗಾಳಿ ಆಡದ ಕೋಣೆ ಇವು ಸಂಜೆಯ ಫ್ಯಾನು, ಎಸಿಗಳ ಗಂಟೆಗಳನ್ನು ಹೆಚ್ಚಿಸುತ್ತವೆ. ತಾರಸಿಗೆ ಬಿಳಿ ಬಣ್ಣ ಬಳಿಯುವುದು, ಕಿಟಕಿಗೆ ಸಜ್ಜೆ ಹಾಕುವುದು ಅಗ್ಗದ ಪರಿಹಾರಗಳು. ಕಾಂಪೌಂಡಿನಾಚೆಗೆ ಮುಂದಿನ ರಸ್ತೆಯ ಮರವೊಂದು ಉಳಿದಿದ್ದರೆ ಅದರ ಉಪಕಾರ ಇವೆರಡಕ್ಕೂ ಮಿಗಿಲು.

ಕುಟುಂಬ, ವರಮಾನ, ದಿನಚರಿ

ಮನೆಮಂದಿ ಹೆಚ್ಚಿದಂತೆ ಬಳಕೆ ಹೆಚ್ಚುತ್ತದಾದರೂ ಅದೇ ಪ್ರಮಾಣದಲ್ಲಲ್ಲ. ಫ್ರಿಜ್, ಟಿವಿ, ರೂಟರ್, ಹಜಾರದ ದೀಪ ಇವು ಇಬ್ಬರಿಗೂ ಬೇಕು, ಆರು ಮಂದಿಗೂ ಸಾಕು. ಆದ್ದರಿಂದ ಕೂಡುಕುಟುಂಬ ಒಡೆದು ಎರಡು ಮನೆಗಳಾದಾಗ ಒಟ್ಟು ಜನ ಅಷ್ಟೇ ಇದ್ದರೂ ವಿದ್ಯುತ್ ಬಳಕೆ ಏರುತ್ತದೆ. ಉದ್ಯೋಗಕ್ಕಾಗಿ ಬರುವ ಒಂಟಿ ಯುವಜನರ ನಗರವಾದ ಬೆಂಗಳೂರಿನಲ್ಲಿ ಸಣ್ಣ ಮನೆಗಳ ಸಂಖ್ಯೆ ಬೆಳೆಯುತ್ತಿರುವುದು ಈ ದೃಷ್ಟಿಯಿಂದ ಮುಖ್ಯ.

ವರಮಾನದ ಪ್ರಭಾವ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಸಂಬಳ ಶೇ. 10ರಷ್ಟು ಹೆಚ್ಚಿದಾಕ್ಷಣ ಯಾರೂ ಹೆಚ್ಚು ದೀಪ ಉರಿಸುವುದಿಲ್ಲ. ಒಂದು ಹಂತ ದಾಟಿದಾಗ ಫ್ರಿಜ್, ಇನ್ನೊಂದು ಹಂತದಲ್ಲಿ ವಾಷಿಂಗ್ ಮಷಿನ್, ಮತ್ತೊಂದರಲ್ಲಿ ಎಸಿ ಮನೆಗೆ ಬರುತ್ತದೆ. ಬಂದದ್ದು ಹಿಂದಕ್ಕೆ ಹೋಗುವುದು ಅಪರೂಪ. 2020ರ ಕೋವಿಡ್ ಕಾಲದಲ್ಲಿ ಹರಡಿದ ಮನೆಯಿಂದ ಕೆಲಸ ಮಾಡುವ ಪದ್ಧತಿ ಐಟಿ ಉದ್ಯೋಗಿಗಳ ಮನೆಗಳಲ್ಲಿ ಹಗಲಿನ ಬಳಕೆಯನ್ನು ಏರಿಸಿತು. ಕಚೇರಿಯ ವಾಣಿಜ್ಯ ದರದ ಮೀಟರಿನಲ್ಲಿ ಓಡುತ್ತಿದ್ದ ಕಂಪ್ಯೂಟರ್, ಫ್ಯಾನು, ದೀಪಗಳ ಯೂನಿಟ್‌ಗಳು ಗೃಹಬಳಕೆಯ ಮೀಟರಿಗೆ ಸರಿದವು.

ಉಪಕರಣಗಳು

ಹಳೆಯ 60 ವಾಟಿನ ಐದು ಬಲ್ಬುಗಳು ದಿನಕ್ಕೆ ಐದು ಗಂಟೆ ಉರಿದರೆ ತಿಂಗಳಿಗೆ 45 ಯೂನಿಟ್. ಅವುಗಳ ಜಾಗದಲ್ಲಿ 9 ವಾಟಿನ ಎಲ್‌ಇಡಿ ಬಂದರೆ 7 ಯೂನಿಟ್‌ಗೂ ಕಡಿಮೆ. 2015ರಲ್ಲಿ ಆರಂಭವಾದ ಕೇಂದ್ರದ ಉಜಾಲಾ ಯೋಜನೆ ದೇಶದಲ್ಲಿ 36 ಕೋಟಿಗೂ ಹೆಚ್ಚು ಎಲ್‌ಇಡಿ ಬಲ್ಬುಗಳನ್ನು ಹಂಚಿ ಬೆಲೆಯನ್ನೇ ಇಳಿಸಿತು. ಮನೆಯ ಬಿಲ್ಲಿನಲ್ಲಿ ದೀಪದ ಪಾಲು ಈಗ ಅಲ್ಪ. ಅನವಶ್ಯಕ ದೀಪ ಆರಿಸಿ ಎಂಬ ಹಳೆಯ ಎಚ್ಚರಿಕೆ ಇನ್ನೂ ಗೋಡೆಗಳ ಮೇಲಿದೆ. ಈಗ ಅದಕ್ಕಿಂತ ಉಪಯುಕ್ತವಾದುದು ಗೀಸರ್ ಆರಿಸಿ ಎಂಬುದು.

ಸೀಲಿಂಗ್ ಫ್ಯಾನು 75 ವಾಟಿನದಾದರೆ ದಿನಕ್ಕೆ 12 ಗಂಟೆಯ ಲೆಕ್ಕದಲ್ಲಿ ತಿಂಗಳಿಗೆ 27 ಯೂನಿಟ್ ಬಳಸುತ್ತದೆ; ಬಿಎಲ್‌ಡಿಸಿ ಮೋಟಾರಿನ 30 ವಾಟಿನ ಫ್ಯಾನಿಗೆ 11 ಯೂನಿಟ್ ಸಾಕು. ಸದ್ದಿಲ್ಲದೆ ಇಡೀ ದಿನ ಓಡುವ ಸಣ್ಣ ಸಾಧನಗಳನ್ನು ಜನ ಗಮನಿಸುವುದಿಲ್ಲ: 10 ವಾಟಿನ ವೈಫೈ ರೂಟರ್ ತಿಂಗಳಿಗೆ 7 ಯೂನಿಟ್ ತಿನ್ನುತ್ತದೆ, ಅಬ್ಬರಿಸುವ 750 ವಾಟಿನ ಮಿಕ್ಸಿ ದಿನಕ್ಕೆ ಹತ್ತು ನಿಮಿಷ ಓಡಿದರೆ 4ಕ್ಕೂ ಕಡಿಮೆ. ಲೋಡ್ ಶೆಡ್ಡಿಂಗ್ ಕಾಲದ ನೆನಪಾಗಿ ಉಳಿದ ಯುಪಿಎಸ್ ಮತ್ತು ಅದರ ಬ್ಯಾಟರಿ ಕೂಡ ಇದೇ ಸಾಲಿಗೆ ಸೇರುತ್ತವೆ. ವರ್ಷಕ್ಕೆ ಕೆಲವೇ ಗಂಟೆ ಉಪಯೋಗಕ್ಕೆ ಬಂದರೂ ಬ್ಯಾಟರಿಯನ್ನು ತುಂಬಿಟ್ಟಿರಲು ವರ್ಷವಿಡೀ ಅಷ್ಟಿಷ್ಟು ವಿದ್ಯುತ್ ಹೋಗುತ್ತಿರುತ್ತದೆ.

ಕೇಂದ್ರದ ಇಂಧನ ದಕ್ಷತಾ ಬ್ಯೂರೋ 2006ರಲ್ಲಿ ತಂದ ನಕ್ಷತ್ರದ ಗುರುತು ಫ್ರಿಜ್, ಎಸಿಗಳ ಆಯ್ಕೆಯನ್ನು ತಿದ್ದಿದೆ. ಸೀಲಿಂಗ್ ಫ್ಯಾನುಗಳಿಗೆ ಅದು ಕಡ್ಡಾಯವಾದದ್ದು 2023ರಲ್ಲಿ. ಆದರೆ ದಕ್ಷತೆ ಏರಿದಷ್ಟೂ ಬಳಕೆ ಇಳಿಯುತ್ತದೆ ಎನ್ನಲಾಗದು. ಕಡಿಮೆ ವಿದ್ಯುತ್ ತಿನ್ನುವ ಎಸಿಯನ್ನು ಹೆಚ್ಚು ಹೊತ್ತು ಓಡಿಸುವುದು, ಹೊಸ ಫ್ರಿಜ್ ಬಂದಾಗ ಹಳೆಯದನ್ನು ಮೇಲಿನ ಮನೆಗೆ ಸಾಗಿಸಿ ಅದನ್ನೂ ಓಡಿಸುವುದು ಉಳಿತಾಯದ ಒಂದು ಪಾಲನ್ನು ಕಳೆದುಬಿಡುತ್ತವೆ.

ಅಡುಗೆಯಲ್ಲಿ ಅಡುಗೆ ಅನಿಲವೇ ಪ್ರಧಾನವಾಗಿರುವ ತನಕ ವಿದ್ಯುತ್ತಿನ ಪಾತ್ರ ಚಿಕ್ಕದು. ಇಂಡಕ್ಷನ್ ಒಲೆಗೆ ಪೂರ್ತಿ ಬದಲಾದರೆ 14.2 ಕಿಲೋಗ್ರಾಂ ತೂಕದ ಒಂದು ಸಿಲಿಂಡರ್ ಮಾಡುವ ಕೆಲಸಕ್ಕೆ ಸ್ಥೂಲವಾಗಿ 130 ಯೂನಿಟ್ ಬೇಕಾದೀತು. ಇನ್ನೊಂದೆಡೆ, ಅಂಗಡಿಯ ಪ್ಯಾಕೆಟ್ ದೋಸೆಹಿಟ್ಟು ಮನೆಯ ಗ್ರೈಂಡರಿನ ಕೆಲಸವನ್ನು ಕಾರ್ಖಾನೆಗೆ ಸಾಗಿಸಿದೆ.

ಮಾಲೀಕ ಮತ್ತು ಬಾಡಿಗೆದಾರ

ಬಾಡಿಗೆ ಮನೆಗಳ ಊರಿನಲ್ಲಿ ಉಪಕರಣ ಕೊಳ್ಳುವವರು ಒಬ್ಬರು, ಬಿಲ್ ಕಟ್ಟುವವರು ಇನ್ನೊಬ್ಬರು. ಗೀಸರ್, ಫ್ಯಾನು, ಮೋಟಾರುಗಳನ್ನು ಹಾಕಿಸುವ ಮಾಲೀಕ ಅಗ್ಗದ್ದನ್ನು ಆರಿಸುತ್ತಾನೆ. ಅದರ ಹೆಚ್ಚುವರಿ ಯೂನಿಟ್‌ಗಳ ಹೊರೆ ಬಾಡಿಗೆದಾರನ ಮೇಲೆ. ಹನ್ನೊಂದು ತಿಂಗಳ ಕರಾರಿನ ಬಾಡಿಗೆದಾರನಾದರೋ ತನ್ನ ಖರ್ಚಿನಲ್ಲಿ ಅವನ್ನು ಬದಲಿಸುವುದಿಲ್ಲ. ಒಂದೇ ಮೀಟರಿಗೆ ಹಲವು ಮನೆಗಳಿರುವ ವಠಾರಗಳಲ್ಲಿ ಮಾಲೀಕ ಹೇಳಿದ್ದೇ ದರ. ಅಲ್ಲಿ ಉಳಿತಾಯದ ಫಲ ಉಳಿಸಿದವರಿಗೆ ತಲುಪುವ ಖಾತ್ರಿ ಇರುವುದಿಲ್ಲ. ವಿದ್ಯುತ್ ವೆಚ್ಚವನ್ನು ಬಾಡಿಗೆಯಲ್ಲೇ ಸೇರಿಸಿ ವಸೂಲು ಮಾಡುವ ಪೇಯಿಂಗ್ ಗೆಸ್ಟ್ (ಪಿಜಿ) ವಸತಿಗಳಲ್ಲಿ ಮಿತವಾಗಿ ಬಳಸಲು ಕಾರಣವೇ ಇಲ್ಲ.

ದರ ಮತ್ತು ಗೃಹಜ್ಯೋತಿ

ಬಹುಕಾಲ ರಾಜ್ಯದಲ್ಲಿ ಗೃಹಬಳಕೆಗೆ ಮೆಟ್ಟಿಲು ದರ ಇತ್ತು: ಬಳಕೆ ಹೆಚ್ಚಿದಂತೆ ಯೂನಿಟ್ ಬೆಲೆಯೂ ಏರುತ್ತಿತ್ತು. 2024ರ ಏಪ್ರಿಲ್‌ನಿಂದ ಆ ಮೆಟ್ಟಿಲುಗಳನ್ನು ತೆಗೆದು ಯೂನಿಟ್‌ಗೆ 5.90 ರೂಪಾಯಿಯ ಏಕದರ ತರಲಾಯಿತು. ಮರುವರ್ಷ ಅದು 5.80 ರೂಪಾಯಿ ಆಯಿತು. ಇದರ ಮೇಲೆ ಮಂಜೂರಾದ ಪ್ರತಿ ಕಿಲೋವಾಟಿಗೆ ನಿಗದಿತ ಶುಲ್ಕ ಮತ್ತು ತೆರಿಗೆ ಸೇರುತ್ತವೆ. ಏಕದರದಲ್ಲಿ ಲೆಕ್ಕ ಸುಲಭ, ಆದರೆ ಹೆಚ್ಚು ಬಳಸುವ ಮನೆಯನ್ನು ತಡೆಯುವ ಬೆಲೆಯ ಕಡಿವಾಣ ಇಲ್ಲ.

ಸದ್ಯ ಬಳಕೆಯ ಮೇಲೆ ದರಕ್ಕಿಂತ ದೊಡ್ಡ ಪ್ರಭಾವ ಬೀರುತ್ತಿರುವುದು 2023ರ ಜುಲೈ ತಿಂಗಳ ಬಳಕೆಯಿಂದ ಜಾರಿಗೆ ಬಂದ ಗೃಹಜ್ಯೋತಿ, ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆ. ‘200 ಯೂನಿಟ್ ಉಚಿತ’ ಎಂಬ ಜನಪ್ರಿಯ ಮಾತು ಪೂರ್ತಿ ನಿಜವಲ್ಲ. ಮನೆಯ 2022–23ರ ಸರಾಸರಿ ಬಳಕೆಗೆ ಶೇ. 10 ಸೇರಿಸಿ ಬಂದ ಸಂಖ್ಯೆ ಆ ಮನೆಯ ಅರ್ಹತೆ. ತೀರ ಕಡಿಮೆ ಬಳಸುವ ಮನೆಗಳಿಗೆ ಶೇಕಡಾವಾರಿನ ಬದಲು 10 ಯೂನಿಟ್ ಸೇರಿಸುವಂತೆ 2024ರಲ್ಲಿ ತಿದ್ದುಪಡಿಯಾಯಿತು. ಸರಾಸರಿ 150 ಯೂನಿಟ್ ಇದ್ದ ಮನೆಗೆ 165ರವರೆಗೆ ಉಚಿತ. 180 ಬಳಸಿದರೆ 15 ಯೂನಿಟ್‌ನ ಹಣ ಕಟ್ಟಬೇಕು. 200 ದಾಟಿದರೆ ಆ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು.

ಈ ಸೂತ್ರದಲ್ಲಿ ಎರಡು ಗುಣಗಳಿವೆ. 200ರ ಗಡಿಯ ಬಳಿ ಇರುವ ಮನೆಗಳು ಮೀಟರ್ ಮೇಲೆ ಕಣ್ಣಿಡುತ್ತವೆ. ಒಂದು ಯೂನಿಟ್ ಹೆಚ್ಚಾದರೆ ಸಾವಿರಕ್ಕೂ ಮೇಲಿನ ಬಿಲ್ ಬರುವುದರಿಂದ ತಿಂಗಳ ಕೊನೆಯಲ್ಲಿ ಗೀಸರ್, ಎಸಿಗಳಿಗೆ ಬಿಡುವು ಸಿಗುತ್ತದೆ. ಅರ್ಹತೆಗಿಂತ ಕೆಳಗಿರುವ ಮನೆಗಳಿಗೆ ಮಾತ್ರ ಉಳಿಸುವುದರಿಂದ ಒಂದು ಪೈಸೆಯ ಲಾಭವೂ ಇಲ್ಲ. ಹಿಂದೆ ಮಿತವಾಗಿ ಬಳಸಿದವರ ಅರ್ಹತೆ ಕಡಿಮೆ, ಧಾರಾಳವಾಗಿ ಬಳಸಿದವರದು ಹೆಚ್ಚು ಎಂಬುದು ಸೂತ್ರದ ಸ್ಪಷ್ಟ ದೋಷ. ಬಾಡಿಗೆದಾರರಿಗೂ ಸೌಲಭ್ಯ ದೊರೆತದ್ದು, ಅದಕ್ಕಾಗಿ ಮನೆಗೊಂದು ಮೀಟರ್ ಬೇಕೆಂಬ ಒತ್ತಾಯ ಹುಟ್ಟಿದ್ದು ಯೋಜನೆಯ ಒಳ್ಳೆಯ ಪರಿಣಾಮಗಳು. ದೆಹಲಿಯಲ್ಲಿ 2019ರಿಂದ ತಿಂಗಳಿಗೆ 200 ಯೂನಿಟ್‌ವರೆಗೆ, ತಮಿಳುನಾಡಿನಲ್ಲಿ 2016ರಿಂದ ಎರಡು ತಿಂಗಳಿಗೆ 100 ಯೂನಿಟ್ ಉಚಿತವಿದೆ. ಆದರೆ ಅಲ್ಲಿ ಪ್ರತಿ ಮನೆಗೂ ಅದರ ಹಿಂದಿನ ಬಳಕೆಗೆ ತಕ್ಕ ಮಿತಿ ಹಾಕಿಲ್ಲ.

ಹೊಸ ಹೊರೆಗಳು

ವಿದ್ಯುತ್ ವಾಹನಗಳಿಗೆ ನೀತಿ ರೂಪಿಸಿದ ಮೊದಲ ರಾಜ್ಯ ಕರ್ನಾಟಕ (2017). ಬೆಂಗಳೂರಿನ ಮನೆಗಳಲ್ಲಿ ಚಾರ್ಜ್ ಆಗುತ್ತಿರುವ ವಾಹನಗಳಲ್ಲಿ ಸ್ಕೂಟರ್‌ಗಳು ಹೆಚ್ಚು. ದಿನಕ್ಕೆ 30 ಕಿಲೋಮೀಟರ್ ಓಡುವ ಸ್ಕೂಟರಿಗೆ ತಿಂಗಳಿಗೆ 30 ಯೂನಿಟ್‌ನಷ್ಟು ಬೇಕು. ಪೆಟ್ರೋಲ್ ಬಂಕಿನ ವೆಚ್ಚ ಮನೆಯ ಮೀಟರಿಗೆ ವರ್ಗವಾಗುವ ಈ ಬೆಳವಣಿಗೆ ಹಂಡೆಯಿಂದ ಗೀಸರಿಗೆ ಬಂದ ಹಿಂದಿನ ವರ್ಗಾವಣೆಯ ಜಾತಿಗೇ ಸೇರಿದ್ದು.

ಛಾವಣಿಯ ಸೌರಫಲಕ ಮೀಟರನ್ನು ಹಿಂದಕ್ಕೆ ತಿರುಗಿಸಬಲ್ಲದು. ಬೆಂಗಳೂರಿನಲ್ಲಿ ಒಂದು ಕಿಲೋವಾಟಿನ ಫಲಕ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ. ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಡಿ (2024) ಮೂರು ಕಿಲೋವಾಟಿಗೆ 78,000 ರೂಪಾಯಿವರೆಗೆ ಸಹಾಯಧನವೂ ಇದೆ. ಆದರೆ ಗೃಹಜ್ಯೋತಿಯ ಅರ್ಹತೆಯೊಳಗೆ ಬಳಸುವ ಮನೆಗೆ ವಿದ್ಯುತ್ ಉಚಿತವಾಗಿರುವಾಗ ಫಲಕದ ಮೇಲೆ ಹಣ ಹೂಡುವ ಕಾರಣ ಉಳಿಯುವುದಿಲ್ಲ. ಅಪಾರ್ಟ್‌ಮೆಂಟ್ ನಿವಾಸಿಗೂ ಬಾಡಿಗೆದಾರನಿಗೂ ಹಾಕಲು ಸ್ವಂತ ಛಾವಣಿ ಇರುವುದಿಲ್ಲ.

ಲೆಕ್ಕದ ತೊಡಕುಗಳು

ಬೆಂಗಳೂರಿನ ಗೃಹಬಳಕೆಯ ಅಂಕಿಗಳನ್ನು ಓದುವಾಗ ಎರಡು ಎಚ್ಚರಿಕೆಗಳು ಬೇಕು. ಬೆಸ್ಕಾಂ ವ್ಯಾಪ್ತಿಯಲ್ಲಿ ಬೆಂಗಳೂರು ನಗರದ ಜೊತೆಗೆ ಬೆಂಗಳೂರು ಗ್ರಾಮಾಂತರ, ರಾಮನಗರ, ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗ, ದಾವಣಗೆರೆ ಸೀಮೆಗಳೂ ಇವೆ. ಕಂಪನಿಯ ಒಟ್ಟು ಅಂಕಿಯನ್ನು ಮಹಾನಗರದ್ದೆಂದು ತಿಳಿಯುವುದು ತಪ್ಪು. ಎರಡನೆಯದಾಗಿ, ಅಪಾರ್ಟ್‌ಮೆಂಟ್‌ಗಳ ಲಿಫ್ಟು, ಬೋರ್‌ವೆಲ್ ಪಂಪು, ಕೊಳಚೆನೀರು ಶುದ್ಧೀಕರಣ ಘಟಕ, ಮೊಗಸಾಲೆ ಮತ್ತು ಪಾರ್ಕಿಂಗ್ ದೀಪಗಳ ವಿದ್ಯುತ್ ಮನೆಯ ಮೀಟರಿನಲ್ಲಿ ಕಾಣದೆ ಸಂಘದ ಮೀಟರಿನಲ್ಲಿ ದಾಖಲಾಗಿ ಮೇನ್‌ಟೆನೆನ್ಸ್ ಹಣದೊಳಗೆ ಸೇರಿಹೋಗುತ್ತದೆ. ಜನರೇಟರಿನ ಡೀಸೆಲ್ಲೂ ಹಾಗೆಯೇ. ಫ್ಲ್ಯಾಟಿನ ಮೀಟರನ್ನಷ್ಟೇ ನೋಡಿ ಅಪಾರ್ಟ್‌ಮೆಂಟ್ ವಾಸವನ್ನು ಸ್ವತಂತ್ರ ಮನೆಯ ವಾಸಕ್ಕಿಂತ ಮಿತವ್ಯಯದ್ದೆಂದು ಹೇಳುವ ಹೋಲಿಕೆಗಳು ಈ ಕಾರಣದಿಂದ ನಂಬಲರ್ಹವಲ್ಲ.